ಮೈಸೂರು ಪ್ರಜಾಪ್ರತಿನಿಧಿ ಸಭೆ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸ್ಮರಣೆಯ ಈ ಸಂಚಿಕೆಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮತದಾರರ ಪರವಾಗಿ ಬರೆಯುವ ಭಾಗ್ಯ ಹಾರನಹಳ್ಳಿಯವರಾದ ನಮಗೆ ದೊರೆತಿದೆ. ರಾಜಧಾನಿಯಿಂದ ದೂರವಿದ್ದ, ಕಾಡಂಚಿನ ಈ ಸೀಮೆಯ ರೈತ ಸರ್ಕಾರದ ಎದುರು ಎದ್ದು ನಿಂತು ಮಾತನಾಡಿದ್ದು ಮೊದಲು ಆ ಸಭೆಯಲ್ಲಿ. ಅದೇ ಸಭೆಯಲ್ಲಿ ರಾಜಕಾರಣದ ಮೊದಲ ಪಾಠ ಕಲಿತ ನಮ್ಮೂರ ಕಡೆಯ ಒಬ್ಬರು ಮುಂದೆ ನಾಡಿನ ಮುಖ್ಯಮಂತ್ರಿಯಾದರು. ಆದ್ದರಿಂದ ಆ ಸಂಸ್ಥೆಯ ಚರಿತ್ರೆಯನ್ನು ನಾವು ನಮ್ಮ ಮನೆಯ ಚರಿತ್ರೆಯೆಂದೇ ಭಾವಿಸುತ್ತೇವೆ.

ಅದಕ್ಕೂ ಹಿಂದೆ ಈ ಸೀಮೆ ಬಹುಕಾಲ ಕಂಡದ್ದು ವಂಶಪಾರಂಪರ್ಯದ ಆಳ್ವಿಕೆಯನ್ನು. ಪಿರಿಯಾಪಟ್ಟಣದಲ್ಲಿ ಕೋಟೆ ಕಟ್ಟಿಕೊಂಡು, ಬೆಟ್ಟದಪುರದ ಸುತ್ತಲ ನಾಡನ್ನು ಚೆಂಗಾಳ್ವ ಅರಸರು ತಲೆಮಾರುಗಳ ಕಾಲ ಆಳಿದರು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಅದು ಮೈಸೂರಿಗೆ ಸೇರಿತು. ತಂದೆಯ ನಂತರ ಮಗ, ಮಗನ ನಂತರ ಮೊಮ್ಮಗ ಎಂಬ ಕ್ರಮದಲ್ಲಿ ಪ್ರಜೆಯ ಪಾಲಿಗೆ ಉಳಿದದ್ದು ಕಂದಾಯ ಕಟ್ಟುವುದು, ಅಹವಾಲು ಹೊತ್ತು ಅರಮನೆಯ ಬಾಗಿಲಲ್ಲಿ ಕಾಯುವುದು. ಅರಸರಲ್ಲಿ ಧರ್ಮಿಷ್ಠರೂ ಇದ್ದರು, ಕೆರೆ ಕಟ್ಟೆ ಕಟ್ಟಿಸಿದವರೂ ಇದ್ದರು. ಆದರೆ ಪ್ರಜೆಗೆ ಒಳ್ಳೆಯದಾಗುವುದು ಅರಸನ ಗುಣದ ಮೇಲೆ ನಿಂತಿತ್ತೇ ಹೊರತು ಪ್ರಜೆಯ ಹಕ್ಕಿನ ಮೇಲೆ ಅಲ್ಲ. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಪ್ರಜಾಪ್ರತಿನಿಧಿ ಸಭೆಯನ್ನು ಕಟ್ಟಿದವರಲ್ಲಿ, ಬೆಳೆಸಿದವರಲ್ಲಿ, ಅದರಿಂದ ಬೆಳೆದವರಲ್ಲಿ ಹಲವರು ಹುಟ್ಟಿನಿಂದಲೇ ಸ್ಥಾನಮಾನ ಪಡೆದವರು. ಆ ಸ್ಥಾನವನ್ನು ಅವರು ಇಲ್ಲದವರಿಗೆ ಬಾಗಿಲು ತೆರೆಯಲು ಬಳಸಿದರು. ನಮ್ಮ ಕೃತಜ್ಞತೆ ಮುಖ್ಯವಾಗಿ ಅದಕ್ಕೆ.

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಜ್ಯವನ್ನು ಮರಳಿ ಪಡೆಯಲು ಕಡೆಯವರೆಗೂ ಬರೆದರು, ಬೇಡಿದರು, ವಾದಿಸಿದರು. 1868ರಲ್ಲಿ ಅವರು ತೀರಿಕೊಂಡಾಗ ದತ್ತುಪುತ್ರ ಚಾಮರಾಜೇಂದ್ರ ಒಡೆಯರು ಐದು ವರ್ಷದ ಬಾಲಕ. ಬಾಲಕ ದೊಡ್ಡವನಾಗುವಷ್ಟರಲ್ಲಿ ನಾಡಿನ ಮೇಲೆ 1876ರಿಂದ 1878ರ ಮಹಾಕ್ಷಾಮ ಬಂದೆರಗಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತುಂಬಿದ್ದ ಬೊಕ್ಕಸ ಬರಿದಾಗಿ ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಕೂತಿತ್ತು. 1881ರ ಮಾರ್ಚ್ 25ರಂದು ಹದಿನೆಂಟರ ಹರೆಯದ ಮಹಾರಾಜರ ಕೈಗೆ ರಾಜ್ಯ ಮರಳಿ ಬಂದದ್ದು ಈ ಸ್ಥಿತಿಯಲ್ಲಿ.

ಆ ಹಸ್ತಾಂತರದ ಪತ್ರಕ್ಕೆ ವೈಸ್‌ರಾಯ್ ಆಗಿ ಸಹಿ ಹಾಕಿದವರು ಲಾರ್ಡ್ ರಿಪ್ಪನ್. ಇಂಗ್ಲೆಂಡಿನಲ್ಲಿ ಅವರು ಹುಟ್ಟಿನಿಂದಲೇ ಪ್ರಭುಗಳ ಸಭೆಗೆ ಹಕ್ಕುದಾರರು. ಅವರ ತಂದೆ ಪ್ರಧಾನಮಂತ್ರಿಯಾಗಿದ್ದಾಗ, 1827ರಲ್ಲಿ, ಪ್ರಧಾನಿಯ ನಿವಾಸವಾದ ಡೌನಿಂಗ್ ಬೀದಿಯ 10ನೇ ಮನೆಯಲ್ಲೇ ಅವರು ಹುಟ್ಟಿದರು. ಅಂಥವರು ತಂದೆಯ ಪದವಿ ಬರುವವರೆಗೆ ಕಾಯದೆ 1852ರಲ್ಲಿ ಹಲ್ ಪಟ್ಟಣದಿಂದ ಮತ ಕೇಳಿ ಸಾಮಾನ್ಯರ ಸಭೆಗೆ ಹೋದರು. ಆಮೇಲೆ ಹಡರ್ಸ್‌ಫೀಲ್ಡ್, ವೆಸ್ಟ್ ರೈಡಿಂಗ್ ಕ್ಷೇತ್ರಗಳ ಪ್ರತಿನಿಧಿಯಾದರು. 1859ರಲ್ಲಿ ತಂದೆ ತೀರಿಕೊಂಡ ನಂತರವೇ ಪ್ರಭುಗಳ ಸಭೆಗೆ ನಡೆದರು. ಯುದ್ಧ ಖಾತೆ, ಭಾರತ ಖಾತೆ, 1880ರಿಂದ 1884ರವರೆಗೆ ವೈಸ್‌ರಾಯ್ ಹುದ್ದೆ, ನೌಕಾಖಾತೆ, ವಸಾಹತು ಖಾತೆ, ಕೊನೆಗೆ 1905ರಿಂದ 1908ರವರೆಗೆ ಪ್ರಭುಗಳ ಸಭೆಯಲ್ಲಿ ಸರ್ಕಾರದ ನಾಯಕತ್ವ, ಹೀಗೆ ಅರ್ಧ ಶತಮಾನ ದಾಟಿದ ರಾಜಕೀಯ ಜೀವನ ಅವರದು. ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಯಿದೆಯನ್ನು 1882ರಲ್ಲಿ ತೆಗೆದುಹಾಕಿದವರು ಅವರೇ. ಸ್ಥಳೀಯ ಸ್ವಯಮಾಡಳಿತದ ಹೆಸರಾಂತ ನಿರ್ಣಯವೂ ಅವರ ಕಾಲದ್ದೇ. ಅದರ ದಿನಾಂಕ 1882ರ ಮೇ 18. ಇಲ್ಲಿ ನಮ್ಮ ಹೆಮ್ಮೆಯ ಒಂದು ಮಾತಿದೆ: ಆ ನಿರ್ಣಯ ಹೊರಬೀಳುವುದಕ್ಕೆ ಏಳು ತಿಂಗಳು ಮುಂಚೆಯೇ ಮೈಸೂರಿನ ರೈತ ಪ್ರತಿನಿಧಿಗಳು ದಿವಾನರ ಎದುರು ಕುಳಿತಾಗಿತ್ತು.

ಆ ಮುಂಚೂಣಿಯ ಯಶಸ್ಸು ಸಲ್ಲಬೇಕಾದದ್ದು ದಿವಾನ್ ಸಿ. ರಂಗಾಚಾರ್ಲು ಅವರಿಗೆ. ಚೆಂಗಲ್ಪಟ್ಟಿನ ಕಡೆಯಿಂದ ಬಂದು, ಮೈಸೂರನ್ನು ತಮ್ಮದೆಂದು ಭಾವಿಸಿ ದುಡಿದ ಮಹನೀಯರು ಅವರು. ಬ್ರಿಟಿಷರ ಮೈಸೂರು ಆಡಳಿತವನ್ನು ನಿಷ್ಠುರವಾಗಿ ವಿಮರ್ಶಿಸಿ 1874ರಲ್ಲೇ ಇಂಗ್ಲಿಷಿನಲ್ಲಿ ಕಿರುಹೊತ್ತಗೆ ಬರೆದ ಧೈರ್ಯವಂತರು. ಬರಿದಾದ ಬೊಕ್ಕಸ, ಸಾಲ, ಕ್ಷಾಮದಿಂದ ಸೋತ ಊರುಗಳು ಎದುರಿಗಿದ್ದವು. ಬೇರೊಬ್ಬರಾಗಿದ್ದರೆ ಮೊದಲು ಕಂದಾಯ ಬಿಗಿ ಮಾಡಿ, ಪ್ರಜೆಗಳ ಮಾತನ್ನು ಆಮೇಲೆ ನೋಡೋಣ ಎನ್ನುತ್ತಿದ್ದರು. ರಂಗಾಚಾರ್ಲು ಅವರು ತದ್ವಿರುದ್ಧ ದಾರಿ ಹಿಡಿದರು. ಅಧಿಕಾರ ವಹಿಸಿಕೊಂಡು ಐದು ತಿಂಗಳಲ್ಲಿ, 1881ರ ಆಗಸ್ಟ್ 25ರಂದು, ಮಹಾರಾಜರ ಅಪ್ಪಣೆ ಪಡೆದು ಸಭೆಯ ಆದೇಶ ಹೊರಡಿಸಿದರು. ಪ್ರತಿ ತಾಲ್ಲೂಕಿನಿಂದ ಲೋಕಜ್ಞಾನವೂ ಜನರಲ್ಲಿ ಗೌರವವೂ ಇರುವ ಒಬ್ಬಿಬ್ಬರು ರೈತರನ್ನು, ಜೊತೆಗೆ ಪ್ರಮುಖ ವರ್ತಕರನ್ನು ಆರಿಸಿ ದಸರೆಗೆ ಮೈಸೂರಿಗೆ ಕಳಿಸಬೇಕೆಂದು ಅದರಲ್ಲಿ ಹೇಳಿತ್ತು. ಹಬ್ಬಕ್ಕೆ ಹೇಗೂ ಊರೂರಿನಿಂದ ಜನ ಬರುತ್ತಾರೆ. ಬಂದವರು ಜಂಬೂಸವಾರಿ ನೋಡಿ ಹೋಗುವುದರ ಜೊತೆಗೆ ಸರ್ಕಾರದ ಲೆಕ್ಕವನ್ನೂ ಕೇಳಿ ಹೋಗಲಿ ಎಂಬ ಆ ಯೋಜನೆಯ ಜಾಣತನಕ್ಕೆ ಇಂದಿಗೂ ತಲೆದೂಗಬೇಕು.

1881ರ ಅಕ್ಟೋಬರ್ 7ರಂದು ಮೊದಲ ಅಧಿವೇಶನ ಸೇರಿತು. ಸದಸ್ಯರು 144 ಮಂದಿ. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಅಂಥ ಸಭೆ ಅದೇ ಮೊದಲು. ದಿವಾನರು ನಾಡಿನ ಹಣಕಾಸನ್ನು, ಸಾಲವನ್ನು, ಮುಂದಿನ ಯೋಜನೆಗಳನ್ನು ಮುಚ್ಚುಮರೆಯಿಲ್ಲದೆ ಸದಸ್ಯರ ಮುಂದಿಟ್ಟರು. ಮೈಸೂರು ಬೆಂಗಳೂರು ರೈಲುದಾರಿ ಪೂರ್ತಿಯಾದದ್ದು ಅದರ ಮರುವರ್ಷವೇ. ಆದರೆ ಕಟ್ಟಿದ ಸಂಸ್ಥೆ ಬೆಳೆಯುವುದನ್ನು ನೋಡುವ ಯೋಗ ರಂಗಾಚಾರ್ಲು ಅವರಿಗೆ ಇರಲಿಲ್ಲ. ಎರಡು ಅಧಿವೇಶನಗಳನ್ನಷ್ಟೇ ನಡೆಸಿ, 1883ರ ಜನವರಿ 20ರಂದು ಅವರು ಮದರಾಸಿನಲ್ಲಿ ತೀರಿಕೊಂಡರು. ಮೈಸೂರಿನ ಪುರಭವನಕ್ಕೆ ಅವರ ಹೆಸರಿಟ್ಟು ನಾಡು ತನ್ನ ಋಣವನ್ನು ಅಷ್ಟಿಷ್ಟು ತೀರಿಸಿಕೊಂಡಿದೆ.

ಆ ಮೊದಲ ಸಭೆಗೆ ಮತ ಹಾಕುವ ಅಧಿಕಾರ ಇರಲಿಲ್ಲ, ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಅಹವಾಲು ಹೇಳಬಹುದಿತ್ತು, ಉತ್ತರ ಕೇಳಬಹುದಿತ್ತು, ಅಷ್ಟೇ. ಅದನ್ನು ಸಣ್ಣದೆಂದು ಬಗೆಯುವವರಿಗೆ ಹಳ್ಳಿಯ ಅನುಭವವಿಲ್ಲ ಎಂದೇ ನಮ್ಮ ಅಭಿಪ್ರಾಯ. ಅಮಲ್ದಾರರ ಕಚೇರಿಯ ಜಗಲಿ ಹತ್ತಲು ಅಂಜುತ್ತಿದ್ದ ರೈತ ವರ್ಷಕ್ಕೊಮ್ಮೆ ದಿವಾನರ ಸಮ್ಮುಖದಲ್ಲೇ ಕೆರೆ ಏರಿ ಒಡೆದುಹೋದದ್ದನ್ನು, ನಾಲೆಗೆ ನೀರು ಬಾರದ್ದನ್ನು, ಅರಣ್ಯ ಇಲಾಖೆಯವರು ದನ ಮೇಯಲು ಬಿಡದ್ದನ್ನು, ಕಂದಾಯದ ಕಂತು ಸುಗ್ಗಿಗೆ ಹೊಂದದ್ದನ್ನು ಹೇಳುವಂತಾಯಿತು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ಲಕ್ಷ್ಮಣತೀರ್ಥದ ದಡದಲ್ಲಿ, ಕಾವೇರಿ ಹರಿಯುವ ಎಡತೊರೆಯಲ್ಲಿ (ಇಂದಿನ ಕೃಷ್ಣರಾಜನಗರದಲ್ಲಿ) ಬಾಳಿದ ನಮ್ಮ ಹಿರಿಯರಿಗೆ ಇವು ಹೊಟ್ಟೆಪಾಡಿನ ಪ್ರಶ್ನೆಗಳು. ಅಧಿಕಾರಿಗೆ ತನ್ನ ಮೇಲಿನವರ ಎದುರು ತನ್ನ ಹೆಸರು ಬಂದೀತೆಂಬ ಎಚ್ಚರ ಹುಟ್ಟಿದ್ದೇ ಒಂದು ದೊಡ್ಡ ಆಡಳಿತ ಸುಧಾರಣೆ.

ನಂತರ ಬಂದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು 18 ವರ್ಷ ಆಡಳಿತ ನಡೆಸಿದರು. ಬಿಗಿ ಕೈಯ ಆಡಳಿತಗಾರರೆಂದು ಹೆಸರಾದ ಅವರ ಕಾಲದಲ್ಲೇ, 1891ರಿಂದ, ಸದಸ್ಯರನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಬಂತು. ಮತದ ಹಕ್ಕು ಇದ್ದದ್ದು ನಿಗದಿತ ಮೊತ್ತದ ಕಂದಾಯ ಕಟ್ಟುವವರಿಗೆ, ಪದವೀಧರರಿಗೆ, ಅಂಥ ಕೆಲವರಿಗೆ ಮಾತ್ರ. ಸದಸ್ಯರು ಹೆಚ್ಚಿನ ಅಧಿಕಾರ ಕೇಳುತ್ತಲೇ ಇದ್ದರು. ಸರ್ಕಾರ ಕೊಡಲು ಹಿಂಜರಿಯುತ್ತಲೇ ಇತ್ತು. ಈ ಎಳೆದಾಟದ ವರ್ಷಗಳಲ್ಲಿ ಸಭೆಯ ಒಳಗೂ ಹೊರಗೂ ಜನರ ಪರವಾಗಿ ದನಿ ಎತ್ತಿದವರಲ್ಲಿ ಮೈಸೂರಿನ ತಾತಯ್ಯ, ಎಂದರೆ ಎಂ. ವೆಂಕಟಕೃಷ್ಣಯ್ಯನವರ ಹೆಸರು ಮುಂಚೂಣಿಯದು. ಶಾಲೆಯ ಮೇಷ್ಟರಾಗಿ, ಪತ್ರಿಕಾ ಸಂಪಾದಕರಾಗಿ ಅವರು ತಲೆಮಾರಿಗೆ ಕಲಿಸಿದ್ದು ಸರ್ಕಾರವನ್ನು ಗೌರವದಿಂದಲೇ ಪ್ರಶ್ನಿಸುವ ಬಗೆಯನ್ನು. 1908ರ ಪತ್ರಿಕಾ ನಿಬಂಧನೆ ಅಂಥ ಬರವಣಿಗೆಗೇ ಕೊಟ್ಟ ಪೆಟ್ಟು.

1907ರಲ್ಲಿ ದಿವಾನ್ ವಿ. ಪಿ. ಮಾಧವರಾವ್ ಅವರ ಕಾಲದಲ್ಲಿ ಶಾಸನಸಭೆಯೂ ಹುಟ್ಟಿತು. ಹೀಗೆ ಮೈಸೂರಿಗೆ ಎರಡು ಸಭೆಗಳಾದವು. ಇಂಗ್ಲೆಂಡಿನಲ್ಲಿ ಆಗ ಎರಡನೇ ಸಭೆಯೆಂದರೆ ಬಹುತೇಕ ವಂಶದ ಹಕ್ಕಿನಿಂದ ಕುಳಿತ ಪ್ರಭುಗಳದು; ಅವರಲ್ಲಿ ಹೆಚ್ಚಿನವರ ಆ ಹಕ್ಕು ಹೋದದ್ದು 1999ರಲ್ಲಿ, 92 ಮಂದಿಯನ್ನು ಉಳಿಸಿಕೊಂಡು. ಜಹಗೀರುದಾರರೂ ಪಾಳೆಯಗಾರರ ಮನೆತನಗಳೂ ತುಂಬಿದ್ದ ನಾಡಾದರೂ ಮೈಸೂರು ತನ್ನ ಎರಡನೇ ಸಭೆಯನ್ನು ಅವರಿಗೆ ಬರೆದುಕೊಡಲಿಲ್ಲ. ನಾಮಕರಣ, ಚುನಾವಣೆ ಎರಡರಿಂದಲೂ ಸದಸ್ಯರು ಬಂದರು, ಮಗನೆಂಬ ಕಾರಣದಿಂದ ಬರಲಿಲ್ಲ. ಇದು ನಮ್ಮ ಹಿರಿಯರ ದೂರದೃಷ್ಟಿ.

ದಿವಾನ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಿಂದ, ಪ್ರಜಾಪ್ರತಿನಿಧಿ ಸಭೆ ವರ್ಷಕ್ಕೆ ಎರಡು ಬಾರಿ ಸೇರತೊಡಗಿತು: ದಸರಾ ಅಧಿವೇಶನ, ಮಹಾರಾಜರ ವರ್ಧಂತಿಯ ಅಧಿವೇಶನ. ಅದೇ ವರ್ಷ ಹುಟ್ಟಿದ ಪ್ರಜಾಮಿತ್ರ ಮಂಡಳಿ, ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಜಾತಿಗಳಿಗೆ ಪಾಲಿಲ್ಲವೆಂಬ ದೂರನ್ನು ಮಹಾರಾಜರ ಬಳಿಗೆ ಒಯ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ 1918ರಲ್ಲಿ ಸಮಿತಿ ನೇಮಿಸಿದರು. ಮಹಾರಾಜರೇ ಆ ಮಾತಿಗೆ ಕಿವಿಗೊಟ್ಟದ್ದು ಸಣ್ಣ ಸಂಗತಿಯಲ್ಲ. ಅದರ ಫಲ ಅರ್ಧ ಶತಮಾನದ ನಂತರ ಹುಣಸೂರಿನವರೊಬ್ಬರ ಕೈಯಲ್ಲಿ ಪೂರ್ಣಗೊಂಡಿತು.

1923ರ ಸುಧಾರಣೆ ಸಭೆಯ ಬಾಳಿನಲ್ಲಿ ಅತಿ ದೊಡ್ಡ ತಿರುವು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ಶಿಫಾರಸಿನ ಮೇಲೆ ಸಭೆಗೆ ಕಾನೂನಿನ ಅಡಿಪಾಯ ಬಂತು. ಅಲ್ಲಿಯವರೆಗೆ ಸರ್ಕಾರದ ಆದೇಶದ ಮೇಲೆ ನಡೆಯುತ್ತಿದ್ದ ಸಭೆ ಇನ್ನು ಮುಂದೆ ತನ್ನ ಹಕ್ಕಿನಿಂದ ನಡೆಯುವಂತಾಯಿತು. ಸದಸ್ಯರ ಸಂಖ್ಯೆ 250ಕ್ಕೆ ಏರಿತು, ಮತದ ಅರ್ಹತೆ ಸಡಿಲವಾಯಿತು, ಹೆಣ್ಣೆಂಬ ಕಾರಣಕ್ಕೆ ಮತ ಇಲ್ಲವೆಂಬ ನಿಯಮ ಹೋಯಿತು. ಹೊಸ ತೆರಿಗೆ ಹಾಕುವ ಮುನ್ನ, ಹೊಸ ಕಾನೂನು ತರುವ ಮುನ್ನ ಸಭೆಯ ಅಭಿಪ್ರಾಯ ಕೇಳಲೇಬೇಕೆಂದಾಯಿತು. 1940ರ ಕಾಯಿದೆಯಲ್ಲಿ ಸಂಖ್ಯೆ 310ಕ್ಕೆ ಬೆಳೆಯಿತು. ಅಷ್ಟರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥದ ಗೋಲಿಬಾರ್ ನಡೆದು, ಜನ ಕೇಳುತ್ತಿದ್ದದ್ದು ಅಹವಾಲಿನ ಹಕ್ಕನ್ನಲ್ಲ, ಜವಾಬ್ದಾರಿ ಸರ್ಕಾರವನ್ನು.

1941ರಲ್ಲಿ ಹೊಸ ಕಾಯಿದೆಯಂತೆ ನಡೆದ ಚುನಾವಣೆಯಲ್ಲಿ ಹುಣಸೂರಿನಿಂದ ಆರಿಸಿಬಂದ ಸದಸ್ಯರು ಡಿ. ದೇವರಾಜ ಅರಸು. 1915ರ ಆಗಸ್ಟ್ 20ರಂದು ಹುಟ್ಟಿದ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು ಮನೆತನದವರು. ರಾಜಮನೆತನದೊಂದಿಗೆ ನಂಟುಳ್ಳ ಸಮುದಾಯ. ಆ ಹೆಸರಿನ ಬಲದಿಂದ ಅರಮನೆಯ ಆಶ್ರಯದಲ್ಲಿ ನೆಮ್ಮದಿಯಾಗಿ ಕಾಲ ಕಳೆಯಬಹುದಿತ್ತು. ಅವರು ವಿಜ್ಞಾನ ಪದವಿ ಪಡೆದು ಊರಿಗೆ ಮರಳಿ ಬೇಸಾಯ ಹಿಡಿದರು, ರಾಜರ ಆಡಳಿತ ಹೋಗಿ ಜನರ ಆಡಳಿತ ಬರಬೇಕೆನ್ನುವ ಕಾಂಗ್ರೆಸ್ ಸೇರಿದರು, ಜನರ ಮತ ಕೇಳಿದರು. ಆಗ ವಯಸ್ಸು ಇಪ್ಪತ್ತಾರರ ಆಸುಪಾಸು. 1945ರಲ್ಲಿ ಜನ ಅವರನ್ನು ಮತ್ತೆ ಕಳಿಸಿದರು. ಹುಟ್ಟಿನಿಂದ ಬಂದ ಗೌರವ ಅವರಿಗಿತ್ತು. ಮತದಿಂದ ಬರುವ ಗೌರವವನ್ನು ಅವರು ತಾವಾಗಿ ಆರಿಸಿಕೊಂಡರು. ಹಲ್ ಪಟ್ಟಣದಲ್ಲಿ ಮತ ಕೇಳಿದ ತರುಣ ರಿಪ್ಪನ್ ಅವರ ನೆನಪು ಇಲ್ಲಿ ನಮಗೆ ಬಂದರೆ ಅಚ್ಚರಿಯಿಲ್ಲ. ರಿಪ್ಪನ್ ಅವರು ಕೆಲವೇ ವರ್ಷಗಳಲ್ಲಿ ವಂಶದ ಪೀಠಕ್ಕೆ ಹೋಗಬೇಕಾಯಿತು. ಅರಸು ಅವರಿಗೆ ಮತವೊಂದೇ ಕಡೆಯವರೆಗೂ ಪೀಠ.

1947ರ ಮೈಸೂರು ಚಲೋ ಚಳವಳಿಯ ನಂತರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಬಂತು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ತನ್ನ ಕೆಲಸ ಮುಗಿಸಿತು. 68 ವರ್ಷಗಳ ಆ ಬಾಳು ಸೋಲಿನಲ್ಲಿ ಮುಗಿಯಲಿಲ್ಲ. ತಾನು ಕೇಳುತ್ತ ಬಂದದ್ದು ದೊರೆತ ಮೇಲೆ ಮುಗಿಯಿತು. 1952ರಲ್ಲಿ ಕಂದಾಯದ ರಸೀದಿ ಕೇಳದೆ ಎಲ್ಲ ವಯಸ್ಕರಿಗೂ ಮತ ಬಂದಾಗ ಹುಣಸೂರು ಅದೇ ದೇವರಾಜ ಅರಸರನ್ನು ವಿಧಾನಸಭೆಗೆ ಕಳಿಸಿತು. 1957, 1962, 1967ರಲ್ಲೂ ಕಳಿಸಿತು.

1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ರಾಜರ ಬಿರುದುಗಳ ಮಾನ್ಯತೆಯನ್ನೂ ತೆಗೆದುಹಾಕಿತು. ಮರುವರ್ಷದ ಮಾರ್ಚ್ 20ರಂದು, ಅರಸು ಎಂಬುದು ಹೆಸರಿನಲ್ಲಷ್ಟೇ ಉಳಿದ ನಮ್ಮ ಕಲ್ಲಹಳ್ಳಿಯವರು ಮುಖ್ಯಮಂತ್ರಿಯಾದರು. 216 ಸ್ಥಾನಗಳಲ್ಲಿ 165ನ್ನು ಅವರ ಪಕ್ಷ ಗೆದ್ದಿತ್ತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ಬಂದದ್ದು ಅವರ ಸಂಪುಟದ ಬಿ. ಬಸವಲಿಂಗಪ್ಪನವರ ದಿಟ್ಟತನದಿಂದ. ಎಲ್. ಜಿ. ಹಾವನೂರು ಅವರ ಹಿಂದುಳಿದ ವರ್ಗಗಳ ಆಯೋಗ 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ಕೊಟ್ಟಿತು. ಮಿಲ್ಲರ್ ಸಮಿತಿ ತೆರೆದ ಬಾಗಿಲನ್ನು ಅದು ಪೂರ್ತಿ ತೆರೆಯಿತು.

ಆದರೆ ನಮ್ಮ ತಾಲ್ಲೂಕುಗಳ ಮನೆಮನೆಯಲ್ಲಿ ನೆನೆಯುವುದು 1974ರ ಭೂಸುಧಾರಣೆಯನ್ನು. 1974ರ ಮಾರ್ಚ್ 1ರಿಂದ ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಏಳನೇ ನಮೂನೆಯ ಅರ್ಜಿ ತುಂಬಿ ತಾಲ್ಲೂಕಿನ ಭೂನ್ಯಾಯಮಂಡಳಿಗೆ ಕೊಟ್ಟರೆ, ವಿಚಾರಣೆಯ ನಂತರ ಹೊಲ ಅವನದಾಗುತ್ತಿತ್ತು. ಅರ್ಜಿಗೆ ಕೊನೆಯ ದಿನ ಮುಂದೆ ಹೋಗುತ್ತ 1979ರ ಜೂನ್ 30 ಆಯಿತು. ಮಂಡಳಿಯಲ್ಲಿ ಅಧಿಕಾರಿಯ ಜೊತೆಗೆ ಜನರ ನಡುವಿನವರೂ ಸದಸ್ಯರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಧಣಿಯೂ ಗೇಣಿದಾರನೂ ಎದುರುಬದುರು ನಿಂತು ತಮ್ಮ ಮಾತನ್ನು ತಾವೇ ಹೇಳಬೇಕು. ಈ ನಿಯಮದ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆ. 1881ರಲ್ಲಿ ದಿವಾನರ ಎದುರು ಬಾಯಿಬಿಟ್ಟ ರೈತ ಕಂದಾಯ ಕಟ್ಟುವ ಒಡೆಯ. ಅವನ ಹೊಲದಲ್ಲಿ ಗೇಣಿಗೆ ದುಡಿಯುತ್ತಿದ್ದವನಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ, 1891ರ ಮತದಾರರ ಪಟ್ಟಿಯಲ್ಲೂ ಇರಲಿಲ್ಲ, 1923ರಲ್ಲಿ ಬಾಗಿಲು ಅಗಲವಾದಾಗಲೂ ಅವನು ಬಹುಪಾಲು ಹೊರಗೇ ಉಳಿದ. ಮತ 1952ರಲ್ಲಿ ಬಂದರೂ ಧಣಿಯ ಹೊಲದಲ್ಲಿ ಬದುಕುವವನಿಗೆ ಆ ಮತ ಎಷ್ಟು ಸ್ವಂತದ್ದು ಎಂಬುದು ಹಳ್ಳಿಯವರಿಗೆ ಗೊತ್ತು. ಅವನು ಭೂನ್ಯಾಯಮಂಡಳಿಯ ಮುಂದೆ, ತಾನು ಎಷ್ಟು ವರ್ಷದಿಂದ ಉಳುತ್ತಿದ್ದೇನೆ, ಎಷ್ಟು ಗೇಣಿ ಅಳೆದಿದ್ದೇನೆ ಎಂದು ತನ್ನ ಬಾಯಲ್ಲೇ ಹೇಳಿದ. ರಂಗಾಚಾರ್ಲು ಅವರು ಆರಂಭಿಸಿದ ಕೆಲಸವನ್ನು ಅವರು ಊಹಿಸಿರದ ಮಟ್ಟಕ್ಕೆ ಒಯ್ದವರು ಅದೇ ಸಭೆಯ ಹಳೆಯ ಸದಸ್ಯರು, ಜಮೀನುಳ್ಳ ಮನೆತನದಲ್ಲೇ ಹುಟ್ಟಿದವರು. ತಮ್ಮ ವರ್ಗದವರ ಮುನಿಸು ಕಟ್ಟಿಕೊಳ್ಳಲು ಅವರು ಅಂಜಲಿಲ್ಲ.

1977ರ ಡಿಸೆಂಬರ್ ಕೊನೆಗೆ ಅವರ ಮೊದಲ ಸರ್ಕಾರ ಹೋಯಿತು. 1978ರ ಫೆಬ್ರುವರಿಯಲ್ಲಿ ಜನ ಮತ್ತೆ ಆರಿಸಿದರು. 1979ರಲ್ಲಿ ಇಂದಿರಾ ಗಾಂಧಿಯವರೊಂದಿಗೆ ಬಿರುಕು ಮೂಡಿ, 1980ರ ಜನವರಿಯಲ್ಲಿ ಅಧಿಕಾರ ಬಿಟ್ಟರು. 1982ರ ಜೂನ್ 6ರಂದು ಕಣ್ಮುಚ್ಚಿದರು. ಇಂದು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಅವರ ಹೆಸರಿನಲ್ಲಿದೆ, ಮೈಸೂರಿನ ಹೆಸರಾಂತ ಪೇಟೆಬೀದಿ ಅವರ ಹೆಸರಿನಲ್ಲಿದೆ. ಅದೇ ನಗರದಲ್ಲಿ ರಂಗಾಚಾರ್ಲು ಪುರಭವನವೂ ಇದೆ. ಚೆನ್ನೈನಲ್ಲಿ ನಗರಪಾಲಿಕೆ ನಡೆಯುವ ಬಿಳಿಯ ಕಟ್ಟಡ ರಿಪ್ಪನ್ ಅವರ ಹೆಸರನ್ನು ಹೊತ್ತಿದೆ.

ಮಹಾರಾಜ ಚಾಮರಾಜೇಂದ್ರ ಒಡೆಯರು, ದಿವಾನ್ ರಂಗಾಚಾರ್ಲು ಅವರು, ನಾಲ್ವಡಿ ಕೃಷ್ಣರಾಜ ಒಡೆಯರು, ತಾತಯ್ಯನವರು, ದೇವರಾಜ ಅರಸು ಅವರು, ಹಾಗೂ ದಸರೆಯ ದಿನಗಳಲ್ಲಿ ಗಾಡಿ ಕಟ್ಟಿಕೊಂಡು ಮೈಸೂರಿಗೆ ಹೋಗಿ ನಮ್ಮೂರ ಕಷ್ಟ ಹೇಳಿ ಬಂದ ಎಲ್ಲ ಸದಸ್ಯರಿಗೂ ನಾಲ್ಕು ತಾಲ್ಲೂಕುಗಳ ಪರವಾಗಿ ನಮ್ಮ ನಮಸ್ಕಾರಗಳು. ಸರ್ಕಾರದಲ್ಲಿ ನಮ್ಮ ಕೋರಿಕೆ ಒಂದಿದೆ. ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು ಅಚ್ಚಾದ ಸಂಪುಟಗಳಾಗಿ ಉಳಿದಿವೆ. ಹುಣಸೂರು, ಪಿರಿಯಾಪಟ್ಟಣ, ಎಡತೊರೆ, ಹೆಗ್ಗಡದೇವನಕೋಟೆಗಳ ಸದಸ್ಯರು ಕೇಳಿದ ಪ್ರಶ್ನೆಗಳನ್ನೂ ಸರ್ಕಾರ ಕೊಟ್ಟ ಉತ್ತರಗಳನ್ನೂ ಅವುಗಳಿಂದ ಆರಿಸಿ, ಕನ್ನಡದಲ್ಲಿ ಪುಸ್ತಕ ಮಾಡಿ, ಈ ತಾಲ್ಲೂಕುಗಳ ಪ್ರತಿ ಪ್ರೌಢಶಾಲೆಗೂ ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ಒಂದೊಂದು ಪ್ರತಿ ಕಳಿಸಿಕೊಡಬೇಕು. ಅದರ ಮೊದಲ ಪ್ರತಿಯನ್ನು ಹಾರನಹಳ್ಳಿಗೆ ತರಿಸಿಕೊಳ್ಳಲು ನಾವು ಸಿದ್ಧರಿದ್ದೇವೆ.